ಮೊದಲು ಕೆಂಡ, ಆಮೇಲೆ ಮಸಾಲೆ

ಭಟ್ಕಳದ ಪಕ್ಕದ ಜಾಲಿಗೆ ನಾನು ಬಂದು ನೆಲೆಸಿದ ಮೇಲೆ ಓದುಗರ ಪತ್ರಗಳಲ್ಲಿ, ಊರ ಕಡೆಯ ನೆಂಟರ ಫೋನಿನಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ‘ಮುರುಡೇಶ್ವರಕ್ಕೆ ಹೊಂಟೀವಿ, ಸಂಜಿಕೆ ಭಟ್ಕಳದಾಗ ಆ ಅಲ್‌ಫಹಮ್ ಕೋಳಿ ತಿನ್ನಬೇಕಂತ ಮಾಡೀವಿ. ಖಾರ ಇರ್ತದೇನು? ತಂದೂರಿಗೂ ಅದಕ್ಕೂ ಏನು ಫರಕು? ಅಲ್ಲಲ್ಲಿ ಕರ್ರಗಾಗಿರ್ತದಲ್ಲ, ತಿಂದ್ರ ಏನೂ ಆಗಂಗಿಲ್ಲೇನು?’ ಇನ್ನು ಕೆಲವರಿಗೆ ಕೋಳಿಗಿಂತ ಮೀನಿನ ಮೇಲೆ ಮನಸ್ಸು. ಕಡಲ ಪಕ್ಕದಲ್ಲಿ ಕೂತು ಕೆಂಡದಲ್ಲಿ ಸುಟ್ಟ ಬಂಗಡೆ ತಿನ್ನಬೇಕು, ಯಾವ ತಿಂಗಳಲ್ಲಿ ಬರಲಿ ಎನ್ನುತ್ತಾರೆ. ಮಾಂಸ ಮುಟ್ಟದವರೂ ಕೇಳುತ್ತಾರೆ, ನಮ್ಮಂಥವರಿಗೆ ಆ ಒಲೆಯ ಮುಂದೆ ಏನಾದರೂ ಇದೆಯೇ ಎಂದು. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಈ ವಾರದ ಅಂಕಣವನ್ನು ಕೆಂಡಕ್ಕೇ ಮೀಸಲಿಡುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಂಡದ ಅಡುಗೆಯನ್ನು ಹೊಸದಾಗಿ ತಿನ್ನುವವರು ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾದಾ ಇರುವುದನ್ನೇ ಕೇಳಬೇಕು. ಪೆರಿಪೆರಿ, ಕಾಂತಾರಿ, ಹನಿ ಚಿಲ್ಲಿ, ಚೀಸ್ ಎಂದು ಈಗ ಹೆಸರುಗಳ ಸಾಲೇ ಇದೆ. ಅವನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಸಾರು, ಪಲ್ಯ, ಗಸಿಯಲ್ಲಿ ರುಚಿಯ ಬಹುಪಾಲು ಮಸಾಲೆಯಿಂದ ಬರುತ್ತದೆ. ಸುಟ್ಟ ಪದಾರ್ಥದಲ್ಲಿ ಅದು ಬೆಂಕಿಯಿಂದ, ಪದಾರ್ಥದ ತಾಜಾತನದಿಂದ, ಒಲೆಯ ಮುಂದೆ ನಿಂತವರ ತಾಳ್ಮೆಯಿಂದ ಬರುತ್ತದೆ. ಸಾದಾ ತಿಂದರೆ ಮಾತ್ರ ಈ ಮೂರರಲ್ಲಿ ಯಾವುದು ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂಬುದು ನಾಲಿಗೆಗೆ ತಿಳಿಯುತ್ತದೆ.

ಜಾಲಿ ಭಟ್ಕಳಕ್ಕೆ ಅಂಟಿಕೊಂಡೇ ಇರುವ ಪಟ್ಟಣ ಪಂಚಾಯತ್. ಒಂದು ಕಡೆ ಕಡಲು, ಇನ್ನೊಂದು ಕಡೆ ರಾಷ್ಟ್ರೀಯ ಹೆದ್ದಾರಿ 66, ನಡುವೆ ತೆಂಗಿನ ತೋಟ ಮತ್ತು ಕೊಲ್ಲಿಯ ದುಡಿಮೆಯಲ್ಲಿ ಎದ್ದ ದೊಡ್ಡ ದೊಡ್ಡ ಮನೆಗಳು. ಇಲ್ಲಿನ ನವಾಯತ ಮುಸ್ಲಿಮರ ಮನೆಗಳಲ್ಲಿ ಯಾರಾದರೊಬ್ಬರು ದುಬೈಯಲ್ಲೋ ಸೌದಿಯಲ್ಲೋ ಇರುವುದು ಸಾಮಾನ್ಯ. ಅಲ್‌ಫಹಮ್, ಮಂದಿ, ಕುಬ್ಬೂಸ್ ಎಂಬ ರೊಟ್ಟಿ ಈ ಊರಿಗೆ ಬಂದದ್ದು ಆ ದುಡಿಮೆಯ ದಾರಿಯಲ್ಲಿ. ರಜೆಗೆ ಬಂದವರು ಅಲ್ಲಿನ ರುಚಿ ಕೇಳಿದರು, ಅಲ್ಲಿನ ಅಡುಗೆಮನೆಗಳಲ್ಲಿ ಕೆಲಸ ಕಲಿತು ಮರಳಿದವರು ಇಲ್ಲಿ ಒಲೆ ಹಾಕಿದರು. ಹೊಸಬರಿಗೆ ಇದು ನಿನ್ನೆ ಮೊನ್ನೆಯ ಸಂಬಂಧದಂತೆ ಕಂಡೀತು. ಆದರೆ ಭಟ್ಕಳದ ಬಂದರಿಗೂ ಕೊಲ್ಲಿಯ ಕರಾವಳಿಗೂ ಇರುವ ಕೊಡುಕೊಳ್ಳುವಿಕೆ ಶತಮಾನಗಳಷ್ಟು ಹಳೆಯದು. 16ನೇ ಶತಮಾನದ ಆರಂಭದಲ್ಲಿ ಈ ಕಡೆಯನ್ನು ಕಂಡ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹಡಗು ಹತ್ತುತ್ತಿದ್ದುದನ್ನೂ ಹೊರ್ಮುಜ್ ಕಡೆಯಿಂದ ಕುದುರೆಗಳು ಬಂದಿಳಿಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಕುದುರೆ ಬಂದ ಹಾದಿಯಲ್ಲೇ ಈಗ ಅಡುಗೆ ಬಂದಿದೆ.

ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಸುಟ್ಟು ತಿನ್ನುವುದೆಂದರೆ ಸೀತನಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಜೋಳದ ತೆನೆ ಇನ್ನೂ ಹಾಲುಗಾಳಿನಲ್ಲಿರುವಾಗ ಹೊಲದಲ್ಲೇ ಕುಳ್ಳಿನ ಕೆಂಡ ಮಾಡಿ, ತೆನೆ ಸುಟ್ಟು, ಬಿಸಿ ಆರುವುದರೊಳಗೆ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಬೆಲ್ಲವೋ ಗುರೆಳ್ಳು ಚಟ್ನಿಯೋ ಜೊತೆಗಿಟ್ಟುಕೊಂಡು ತಿನ್ನುವುದು. ಮಾಂಸದ ವಿಷಯಕ್ಕೆ ಬಂದರೆ ನನಗೆ ಗೊತ್ತಿದ್ದದ್ದು ಹೆದ್ದಾರಿಯ ಢಾಬಾಗಳ ಕೆಂಪು ತಂದೂರಿ ಮತ್ತು ಸಂತೆಯ ದಿನ ಬಾಣಲೆಯಿಂದ ಎತ್ತಿ ಕಾಗದಕ್ಕೆ ಸುರಿಯುವ ಕೆಂಪು ಕಬಾಬು. ಕೋಳಿ ಎಂದರೆ ಕೆಂಪಗಿರಬೇಕು ಎಂಬುದು ಕಣ್ಣಿಗೆ ರೂಢಿಯಾಗಿತ್ತು. ಆದ್ದರಿಂದ ಭಟ್ಕಳದ ಒಂದು ಸಣ್ಣ ಅಂಗಡಿಯಲ್ಲಿ ಮೊದಲ ಅಲ್‌ಫಹಮ್ ನನ್ನ ಮುಂದೆ ಬಂದಾಗ ಅದರ ಬಣ್ಣವೇ ಮೊದಲು ಗಮನ ಸೆಳೆಯಿತು. ಜೇನಿನಿಂದ ಹಿಡಿದು ಹುರಿದ ಕಾಫಿ ಬೀಜದವರೆಗಿನ ಎಲ್ಲ ಕಂದುಗಳೂ ಒಂದೇ ತುಂಡಿನ ಮೇಲಿದ್ದವು. ಅಂಚಿನಲ್ಲಿ, ಎಲುಬಿನ ತುದಿಯಲ್ಲಿ ಮಾತ್ರ ಕಪ್ಪು. ತೊಗಲು ಗರಿಗರಿಯಾಗಿತ್ತು, ಅದರ ಕೆಳಗೆ ಮಾಂಸ ಬೆಳ್ಳಗೆ, ತೇವವಾಗಿ, ಎಳೆ ಎಳೆಯಾಗಿ ಬಿಡುತ್ತಿತ್ತು. ಬಾಯಿಗೆ ಮೊದಲು ಬಂದದ್ದು ನಿಂಬೆ ಮತ್ತು ಬೆಳ್ಳುಳ್ಳಿ, ಆಮೇಲೆ ಕಾಳುಮೆಣಸು, ಕೊನೆಗೆ ಗಂಟಲಿನ ಹತ್ತಿರ ಒಂದು ಹೊಗೆಯ ಎಳೆ. ಖಾರ ಹೆಸರಿಗೆ ಮಾತ್ರ. ಇದನ್ನು ಮಾಡುವ ಬಗೆ ತಿಳಿಯಲೇಬೇಕೆನಿಸಿತು. ಅಂದಿನಿಂದ ಒಲೆಯ ಎದುರಿನ ಬೆಂಚೇ ನನ್ನ ಜಾಗವಾಯಿತು.

ಮಾಡುವ ಕ್ರಮ ನೋಡಲು ಸರಳ. ಇಡೀ ಕೋಳಿಯನ್ನು ಬೆನ್ನಿನ ಗುಂಟ ಸೀಳಿ ಪುಸ್ತಕದಂತೆ ಬಿಡಿಸುತ್ತಾರೆ. ಹೀಗೆ ಚಪ್ಪಟೆ ಮಾಡುವುದರಿಂದ ತೊಡೆ, ಎದೆ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಬಂದು ಒಟ್ಟಿಗೆ ಬೇಯುತ್ತವೆ. ತೊಡೆಯ ಮೇಲೆ ಚಾಕುವಿನ ಗೀರು ಹಾಕಿ, ಮೊಸರು, ನಿಂಬೆರಸ, ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಸ್ವಲ್ಪ ಎಣ್ಣೆ ಹಚ್ಚಿ ತಾಸುಗಟ್ಟಲೆ ನೆನೆಯಲು ಬಿಡುತ್ತಾರೆ. ಒಂದೊಂದು ಅಂಗಡಿಯದು ಒಂದೊಂದು ಪಾಕ. ಹುಳಿ ಮತ್ತು ಉಪ್ಪು ಮಾಂಸದ ಮೇಲ್ಪದರವನ್ನು ಮೆತ್ತಗಾಗಿಸುತ್ತವೆ, ಉಪ್ಪು ನಿಧಾನವಾಗಿ ಒಳಗಿಳಿದು ಬೇಯುವಾಗ ನೀರನ್ನು ಹಿಡಿದಿಡುತ್ತದೆ. ನೆಂದ ಕೋಳಿಯನ್ನು ಹಿಡಿಕೆಯಿರುವ ಜೋಡಿ ತಂತಿ ಜಾಲರಿಯ ನಡುವೆ ಸಿಕ್ಕಿಸಿ, ಉದ್ದನೆಯ ಕಬ್ಬಿಣದ ಒಲೆಯ ಮೇಲೆ ಇಡುತ್ತಾರೆ. ಜಾಲರಿಯ ಲಾಭ ಏನೆಂದರೆ ಮಾಂಸವನ್ನು ಇಕ್ಕಳದಿಂದ ಹಿಡಿದು ತಿರುಗಿಸಬೇಕಿಲ್ಲ. ಹಿಡಿಕೆ ಹಿಡಿದು ಒಟ್ಟಿಗೆ ಮಗುಚಿದರೆ ಸಾಕು.

ಕೌಶಲವೆಲ್ಲ ಇರುವುದು ಕೆಂಡದಲ್ಲಿ. ಇದ್ದಿಲಿಗೆ ಬೆಂಕಿ ಹತ್ತಿದ ಕೂಡಲೇ ಯಾರೂ ಕೋಳಿ ಇಡುವುದಿಲ್ಲ. ಉರಿ ಅಡಗಿ, ಕೆಂಡದ ಮೇಲೆ ತೆಳ್ಳನೆಯ ಬಿಳಿ ಬೂದಿ ಕೂರುವವರೆಗೆ ಕಾಯುತ್ತಾರೆ. ಉರಿಯುವ ಇದ್ದಿಲು ನಾಲಗೆ ಚಾಚಿ ತೊಗಲನ್ನು ಸುಡುತ್ತದೆ, ಎಲುಬಿನ ಹತ್ತಿರ ಮಾಂಸ ಹಸಿಯಾಗಿಯೇ ಉಳಿಯುತ್ತದೆ. ಬೂದಿ ಕೂತ ಕೆಂಡ ಜ್ವಾಲೆಯಿಲ್ಲದೆ ಸಮನಾದ ಕಾವು ಬೀರುತ್ತದೆ. ಕಾವು ಹೆಚ್ಚಾದರೆ ಜಾಲರಿಯನ್ನು ಮೇಲಕ್ಕೆತ್ತುತ್ತಾರೆ, ಕಡಿಮೆಯಾದರೆ ಬೀಸಣಿಗೆ ಆಡಿಸುತ್ತಾರೆ. ಈ ಹೊಂದಾಣಿಕೆಗೆ ಗಡಿಯಾರವಿಲ್ಲ, ಥರ್ಮಾಮೀಟರೂ ಇಲ್ಲ. ಅಂಗೈಯನ್ನು ಕೆಂಡದ ಮೇಲೆ ಹಿಡಿದು ಎಷ್ಟು ಹೊತ್ತು ತಡೆದುಕೊಳ್ಳಬಹುದು ಎಂಬುದರಿಂದಲೇ ಅಳೆಯುತ್ತಾರೆ. ‘ಭಾಯ್, ಇನ್ನೆಷ್ಟೊತ್ತು?’ ಎಂದರೆ ‘ಆಗ್ತದೆ ಸರ್, ಒಳಗೆ ಬೇಯ್ಲಿ’ ಎಂಬ ಉತ್ತರ ಬರುತ್ತದೆ. ಅರ್ಧ ತಾಸೋ ಮುಕ್ಕಾಲು ತಾಸೋ ಕಾಯಬೇಕು. ಆಹಾರ ಸುರಕ್ಷತೆಯ ಲೆಕ್ಕದಲ್ಲಿ ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆ ಕಾಯುವಿಕೆ ಅದಕ್ಕಾಗಿಯೇ.

ಕೆಂಡದ ರುಚಿ ಎಂದು ನಾವು ಹೊಗಳುವುದು ಬಹುಮಟ್ಟಿಗೆ ಇದ್ದಿಲಿನ ರುಚಿಯೇ ಅಲ್ಲ. ಇದು ತಿಳಿದಾಗ ನನಗೂ ಆಶ್ಚರ್ಯವಾಯಿತು. ಕಟ್ಟಿಗೆಯನ್ನು ಗಾಳಿ ಕಡಿಮೆ ಮಾಡಿ ಸುಟ್ಟು ಇದ್ದಿಲು ಮಾಡುವಾಗಲೇ ಅದರ ಪರಿಮಳದ ಅಂಶಗಳು ಹೊಗೆಯಾಗಿ ಹೋಗಿರುತ್ತವೆ, ಉಳಿಯುವುದು ಹೆಚ್ಚಾಗಿ ಇಂಗಾಲ. ತೆಂಗಿನ ಗೆರಟೆಯ ಇದ್ದಿಲಿನದೂ ಇದೇ ಕಥೆ. ನಿಜವಾದ ಪರಿಮಳ ಹುಟ್ಟುವುದು ಕೋಳಿಯ ಕೊಬ್ಬು, ಮಸಾಲೆಯ ಎಣ್ಣೆ, ಮಾಂಸದ ರಸ ಹನಿಹನಿಯಾಗಿ ಕೆಂಡದ ಮೇಲೆ ಬಿದ್ದು ಚುಂಯ್ ಎಂದು ಹೊಗೆಯಾಗಿ ಮೇಲೆದ್ದು ಮತ್ತೆ ಮಾಂಸಕ್ಕೇ ಅಂಟಿದಾಗ. ಗ್ಯಾಸ್ ಒಲೆಯ ಮೇಲೆ ತವೆಯಲ್ಲಿ ಬೇಯಿಸಿದರೆ ಆ ಹನಿ ತವೆಯಲ್ಲೇ ಉಳಿಯುತ್ತದೆ, ಆದ್ದರಿಂದ ಅದೇ ಮಸಾಲೆ ಹಾಕಿದರೂ ಆ ವಾಸನೆ ಬರುವುದಿಲ್ಲ. ತೊಗಲಿನ ಕಂದು ಬಣ್ಣದ ಕಾರಣ ಬೇರೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಮಾಂಸದ ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಕೂಡಿ ನೂರಾರು ಹೊಸ ರುಚಿಗಳನ್ನು ಹುಟ್ಟಿಸುತ್ತವೆ. ಇದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿ ಬೀಜದ ಬಣ್ಣ, ಅಲ್‌ಫಹಮ್‌ನ ತೊಗಲು, ಮೂರರ ಹಿಂದೆಯೂ ಕೆಲಸ ಮಾಡುವುದು ಇದೇ ಕ್ರಿಯೆ.

ಹೊಸಬರಿಗೆ ಗೊಂದಲವಾಗುವುದು ಹೆಸರುಗಳಲ್ಲಿ. ತಂದೂರಿಯಲ್ಲಿ ಮಾಂಸವನ್ನು ಕಂಬಿಗೆ ಚುಚ್ಚಿ ಮಣ್ಣಿನ ಗೂಡಿನೊಳಗೆ ಇಳಿಸುತ್ತಾರೆ, ಕೆಳಗಿನ ಕೆಂಡದ ಜೊತೆಗೆ ಸುತ್ತಲಿನ ಬಿಸಿ ಗೋಡೆಯೂ ಬೇಯಿಸುತ್ತದೆ. ಅಲ್‌ಫಹಮ್ ಬಯಲಲ್ಲಿ, ತೆರೆದ ಕೆಂಡದ ಮೇಲೆ ಬೇಯುತ್ತದೆ. ಮಂದಿ ಯೆಮನ್ ದೇಶದ್ದು. ಅಲ್ಲಿ ನೆಲದ ಗುಂಡಿಯಲ್ಲಿ ಕೆಂಡ ಮಾಡಿ, ಮಾಂಸವನ್ನು ಅದರೊಳಗಿಟ್ಟು ಬಾಯಿ ಮುಚ್ಚುತ್ತಾರೆ, ಮಾಂಸದ ರಸ ಕೆಳಗಿನ ಅನ್ನದ ಪಾತ್ರೆಗೆ ಇಳಿಯುತ್ತದೆ. ಭಟ್ಕಳಿ ಬಿರಿಯಾನಿ ಇವುಗಳ ಗುಂಪಿಗೆ ಸೇರಿದ್ದಲ್ಲ, ಅದು ಈರುಳ್ಳಿ ಧಾರಾಳವಾಗಿ ಬೀಳುವ ನವಾಯತರ ಮನೆಯ ಅಡುಗೆ. ಅದನ್ನು ಬೇರೆ ದಿನ, ಬೇರೆ ಹಸಿವಿನಲ್ಲಿ ತಿನ್ನಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಾರ್ಬೆಕ್ಯೂ ಎನ್ನುವುದು ಮತ್ತೊಂದು ತುದಿ. ದನ ಅಥವಾ ಹಂದಿಯ ದೊಡ್ಡ ತುಂಡುಗಳನ್ನು ಕಡಿಮೆ ಕಾವಿನಲ್ಲಿ, ಕಟ್ಟಿಗೆಯ ಹೊಗೆಯಲ್ಲಿ ಹತ್ತು ಹನ್ನೆರಡು ತಾಸು ಬೇಯಲು ಬಿಡುತ್ತಾರೆ. ಗಟ್ಟಿ ಮಾಂಸಕ್ಕೆ ಅಷ್ಟು ಹೊತ್ತು ಬೇಕು. ಎಳೆ ಕೋಳಿಗೆ, ಮೀನಿಗೆ ಅದು ಬೇಡ. ಯಾವ ಊರಿನದೇ ಆಗಲಿ, ಕೆಂಡದ ಕ್ರಮವನ್ನು ನಿರ್ಧರಿಸಿರುವುದು ಆ ಊರಲ್ಲಿ ಸಿಗುವ ಮಾಂಸ ಮತ್ತು ಕಟ್ಟಿಗೆ.

ಅಂಗಡಿಯಲ್ಲಿ ಏನು ಹೇಳಬೇಕು? ಇಬ್ಬರಿದ್ದರೆ ಒಂದು ಹಾಫ್ ಸಾದಾ ಅಲ್‌ಫಹಮ್, ನಾಲ್ಕು ಕುಬ್ಬೂಸ್. ಒಬ್ಬರೇ ಆದರೆ ಕ್ವಾರ್ಟರ್, ಅದರಲ್ಲೂ ಕಾಲಿನ ಭಾಗ ಕೇಳಿ. ತೊಡೆಯಲ್ಲಿ ಕೊಬ್ಬು ಹೆಚ್ಚಿರುವುದರಿಂದ ಕೆಂಡದ ಮೇಲೆ ಒಣಗುವುದು ಕಡಿಮೆ. ಹಸಿದು ಬಂದು ಅವಸರಿಸುವುದಕ್ಕಿಂತ, ಬಂದ ಕೂಡಲೇ ಹೇಳಿ ಒಂದು ಸುತ್ತು ಅಡ್ಡಾಡಿ ಬರುವುದು ಒಳ್ಳೆಯದು. ತಟ್ಟೆ ಬಂದ ಮೇಲೆ ಮಾತ್ರ ತಡ ಮಾಡಬೇಡಿ, ಆರಿದ ತೊಗಲು ರಬ್ಬರಿನಂತಾಗುತ್ತದೆ. ಪಾರ್ಸೆಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ತನ್ನ ಹಬೆಯಲ್ಲಿ ತಾನೇ ನೆನೆದು ಮೆತ್ತಗಾಗುತ್ತದೆ, ಆದ್ದರಿಂದ ಮೊದಲ ಸಲದ ರುಚಿಯನ್ನು ಅಲ್ಲೇ ಕೂತು ನೋಡಬೇಕು. ಮೊದಲ ತುತ್ತು ಏನನ್ನೂ ಅದ್ದದೆ ತಿನ್ನಿ, ಎರಡನೆಯದಕ್ಕೆ ನಿಂಬೆ ಹಿಂಡಿ, ಮೂರನೆಯದಕ್ಕೆ ಬೇಕಾದರೆ ಬೆಳ್ಳುಳ್ಳಿಯ ಮಯೋನೀಸ್ ಮುಟ್ಟಿ. ಹಸಿ ಮೊಟ್ಟೆಯಿಂದ ಮಾಡಿ ಹೊರಗಿಟ್ಟ ಮಯೋನೀಸ್ ಬೇಗ ಕೆಡುತ್ತದೆ, ಅದರಿಂದ ಹೊಟ್ಟೆ ಕೆಟ್ಟವರು ಬಹಳ. ಈ ಕಾರಣಕ್ಕೇ ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು, ತೆಲಂಗಾಣ, ತಮಿಳುನಾಡು ಆಮೇಲೆ ಅದೇ ದಾರಿ ಹಿಡಿದವು. ಮೊಟ್ಟೆ ಹಾಕದ್ದು ಇದೆಯೇ, ಫ್ರಿಜ್ಜಿನಲ್ಲಿಟ್ಟದ್ದೇ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಅಂಗಡಿಯವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ಕೋಳಿಯ ಅಂಗಡಿಯಿಂದ ಕಡಲ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಈ ನೆಲದ ಹಳೆಯ ಕೆಂಡ ಸಿಗುತ್ತದೆ. ತೆಂಗಿನಗುಂಡಿ, ಮಾವಿನಕುರ್ವೆ, ಅಳ್ವೆಕೋಡಿಯ ಬಂದರುಗಳ ಸುತ್ತಲಿನ ಮೊಗೇರರ, ಖಾರ್ವಿಗಳ ಮನೆಗಳಲ್ಲಿ ಬಂಗಡೆಯನ್ನು ಕೆಂಡಕ್ಕೆ ಹಾಕುವುದು ಹೊಟೇಲಿನ ಪಟ್ಟಿಯಲ್ಲಿ ಕಾಣದ, ಆದರೆ ಎಲ್ಲರಿಗೂ ಗೊತ್ತಿರುವ ಊಟ. ನನಗೆ ಅದನ್ನು ತೋರಿಸಿದವರು ನಮ್ಮ ಬೀದಿಗೆ ಮೀನು ತರುವ ಅಕ್ಕ. ಮಸಾಲೆ ಏನು ಹಚ್ಚಬೇಕು ಎಂದು ಕೇಳಿದಾಗ ಅವರು, ‘ಇವತ್ತಿನ ಮೀನಿಗೆ ಮಸಾಲೆ ಎಂತಕ್ಕೆ ತಮಾ? ಉಪ್ಪು ಸಾಕು’ ಎಂದರು. ಹೊಟ್ಟೆ ತೆಗೆದು ತೊಳೆದ ಇಡೀ ಬಂಗಡೆ, ಎರಡೂ ಮಗ್ಗುಲಲ್ಲಿ ಎರಡು ಗೀರು, ಹರಳುಪ್ಪು, ತುಸು ಅರಿಸಿನ, ಅಷ್ಟೇ. ಅಡುಗೆ ಒಲೆಯಲ್ಲಿ ಅನ್ನ ಬೆಂದು ಮುಗಿದ ಮೇಲೆ ಉಳಿದ ಗೆರಟೆಯ ಕೆಂಡವನ್ನು ಹರಡಿ, ಮೇಲೆ ತಂತಿ ಜಾಲರಿ ಇಟ್ಟು ಮೀನು ಮಲಗಿಸಿದರು. ಬಂಗಡೆ ಎಣ್ಣೆಯಂಶದ ಮೀನು. ತೊಗಲಿನ ಅಡಿಯ ಕೊಬ್ಬು ಕರಗಿ ತನ್ನನ್ನು ತಾನೇ ಹುರಿದುಕೊಳ್ಳುತ್ತದೆ, ಹೊರಗಿನ ಎಣ್ಣೆ ಬೇಡ. ತೊಗಲು ಜಾಲರಿಗೆ ಅಂಟಿಕೊಂಡಿದ್ದರೆ ಇನ್ನೂ ಮಗುಚುವ ಹೊತ್ತಾಗಿಲ್ಲ ಎಂದರ್ಥ, ಬೆಂದ ಮೀನು ತಾನಾಗಿ ಬಿಡುತ್ತದೆ. ಇದೂ ಆ ಅಕ್ಕನಿಂದ ಕಲಿತದ್ದೇ. ಬಿಸಿ ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಆ ಬಂಗಡೆ ತಿಂದ ಮೇಲೆ, ಮಸಾಲೆಯಲ್ಲಿ ಮುಳುಗಿಸಿ ಕರಿದ ಮೀನಿನ ಬಗ್ಗೆ ನನಗಿದ್ದ ಅತಿಪ್ರೀತಿ ಕಡಿಮೆಯಾಯಿತು.

ಈ ಕರಾವಳಿಯಲ್ಲಿ ಬಂಗಡೆಯ ಮಾತು ಬಂದರೆ ರಂಪಣಿಯ ನೆನಪೂ ಬರುತ್ತದೆ. ದಡದಿಂದ ಕಡಲಿಗೆ ಬಿಲ್ಲಿನಾಕಾರದಲ್ಲಿ ಬಲೆ ಬಿಟ್ಟು, ಎರಡೂ ತುದಿಗಳಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದ ಆ ದೊಡ್ಡ ಬಲೆಗೆ ಬೀಳುತ್ತಿದ್ದದ್ದು ಮುಖ್ಯವಾಗಿ ಬಂಗಡೆ. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಬಂದು, ಮೀನಿನ ಹಿಂಡನ್ನು ಆಳದಲ್ಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಹಿಂದೆ ಸರಿಯಿತು. ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲವದು, ಕಡಲೂ ಒರಟಾಗಿರುತ್ತದೆ. ನಾಡದೋಣಿಗಳು ತಂದಷ್ಟೇ ತಾಜಾ ಮೀನು ಸಿಗುವ ಆ ಮಳೆಗಾಲದಲ್ಲಿ ಇಲ್ಲಿನವರ ಕೆಂಡದ ಮೇಲೆ ಕಾಣುವುದು ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನು. ಒಣ ಬಂಗಡೆ ಸುಡುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ, ಮೊದಲ ಸಲ ಬರುವವರಿಗೆ ಅದನ್ನು ನಾನು ಒತ್ತಾಯಿಸುವುದೂ ಇಲ್ಲ. ಆದರೆ ಹೊರಗೆ ಮಳೆ ಹೊಯ್ಯುವಾಗ ಗಂಜಿ, ಸುಟ್ಟ ಒಣಮೀನು, ತೆಂಗಿನಕಾಯಿ ಚಟ್ನಿ ಒಂದಾದರೆ ಅದಕ್ಕಿಂತ ಸಮಾಧಾನದ ಊಟ ಈ ಊರಲ್ಲಿ ಇನ್ನೊಂದಿಲ್ಲ.

ಜೊತೆಗೆ ಏನಿರಬೇಕು ಎಂಬುದನ್ನೂ ಈ ಜಿಲ್ಲೆಯೇ ನಿರ್ಧರಿಸಿ ಕೊಟ್ಟಿದೆ. ಬೇಸಿಗೆಯಲ್ಲಿ ಕುಮಟಾ ಸುತ್ತ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ಮಾರುತ್ತಾರೆ. ಘಾಟು ಕಡಿಮೆ, ಹಸಿಯಾಗಿಯೇ ತಿನ್ನಬಹುದು. ಸುಟ್ಟ ಮಾಂಸದ ಪಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಸಂಗಾತಿ ನನಗೆ ಸಿಕ್ಕಿಲ್ಲ. ಅದೇ ತಾಲೂಕಿನ ಸಾಣಿಕಟ್ಟೆಯಲ್ಲಿ, ಅಘನಾಶಿನಿಯ ಅಳಿವೆಯ ನೀರಿನಿಂದ ತೆಗೆಯುವ ಹರಳುಪ್ಪು ಮೀನಿಗೆ ಹೇಳಿ ಮಾಡಿಸಿದ್ದು. ತಿಂದಾದ ಮೇಲೆ ಸೋಡಾ ಬಾಟಲಿ ತೆರೆಯುವ ಬದಲು ಮುರುಗಲು ಹಣ್ಣಿನ ಪಾನಕ ಕುಡಿಯಿರಿ, ಕೊಬ್ಬಿನ ಜಿಡ್ಡನ್ನು ಅದರ ಹುಳಿ ಚೆನ್ನಾಗಿ ಕತ್ತರಿಸುತ್ತದೆ.

ಸಸ್ಯಾಹಾರಿಗಳ ಪ್ರಶ್ನೆಗೆ ಉತ್ತರ ಘಟ್ಟದ ಬುಡದ ಹವ್ಯಕರ ಅಡುಗೆಮನೆಗಳಲ್ಲಿದೆ. ಹಲಸಿನ ಹಪ್ಪಳವನ್ನು ಎಣ್ಣೆಯಲ್ಲಿ ಕರಿಯದೆ ಕೆಂಡದಲ್ಲಿ ಸುಟ್ಟು, ಹಸಿ ತೆಂಗಿನಕಾಯಿ ಚೂರಿನ ಜೊತೆ ಕೊಡುತ್ತಾರೆ. ಬದನೆಕಾಯಿಯನ್ನು ಇಡಿಯಾಗಿ ಕೆಂಡದಲ್ಲಿ ಹೂತು, ಸಿಪ್ಪೆ ಕರಕಾಗಿ ಒಳಗಿನ ತಿರುಳು ಬೆಣ್ಣೆಯಂತಾದ ಮೇಲೆ ಬಿಡಿಸಿ, ಹಸಿಮೆಣಸು, ಉಪ್ಪು, ಮೊಸರು ಬೆರೆಸಿ ಒಗ್ಗರಣೆ ಹಾಕುತ್ತಾರೆ. ಇಲ್ಲಿ ಕರಿಯಾದದ್ದು ಸಿಪ್ಪೆ ಮಾತ್ರ, ಅದನ್ನು ಎಸೆದರೂ ಹೊಗೆಯ ಪರಿಮಳ ತಿರುಳಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಹಲಸಿನ ಬೇಳೆ, ಬೇಸಿಗೆಯಲ್ಲಿ ಗೇರುಬೀಜ. ಗೇರುಬೀಜ ಸುಡುವಾಗ ಮಾತ್ರ ಮಕ್ಕಳನ್ನು ದೂರವಿಡಿ. ಅದರ ಸಿಪ್ಪೆಯ ಎಣ್ಣೆ ಸಿಡಿದು ಚರ್ಮ ಸುಡುತ್ತದೆ. ಹಾವೇರಿಯ ನನ್ನ ಸೀತನಿಗೂ ಹೊನ್ನಾವರದ ಸುಟ್ಟ ಬದನೆಗೂ ನಡುವೆ ಇಡೀ ಸಹ್ಯಾದ್ರಿ ಇದೆ, ಆದರೆ ಮಾಡುವ ಬಗೆ ಒಂದೇ.

ಕೆಲವರು ಅಲ್‌ಫಹಮ್ ಅಂಗಡಿಗಳನ್ನು ಕಂಡು ನಮ್ಮ ಅಡುಗೆಯನ್ನು ಹೊರಗಿನದು ನುಂಗುತ್ತಿದೆ ಎಂದು ಕೊರಗುತ್ತಾರೆ. ನಾನು ಒಪ್ಪುವುದಿಲ್ಲ. ಮಾಂಸವನ್ನು ಕೆಂಡದ ಮೇಲೆ ಸುಡುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ ಮಾಂಸವನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮ ವಿವರವಾಗಿಯೇ ಇದೆ. ಅರಮನೆಯ ಅಡುಗೆಯವನೂ ಭಟ್ಕಳದ ಭಾಯಿಯೂ ನೆಚ್ಚಿರುವುದು ಒಂದೇ ಕೆಂಡವನ್ನು. ಹೊಸ ಪಾಕ ಬಂದಾಗ ಹಳೆಯದು ಸಾಯುವುದು ನಾವು ಹಳೆಯದನ್ನು ಕೇಳುವುದನ್ನು ನಿಲ್ಲಿಸಿದರೆ ಮಾತ್ರ. ಅಲ್‌ಫಹಮ್ ತಿಂದವರು ಮರುದಿನ ಸುಟ್ಟ ಬಂಗಡೆಯನ್ನೂ ಕೇಳಲಿ. ಹೊಟೇಲಿನವರು ಅದನ್ನೂ ಪಟ್ಟಿಗೆ ಸೇರಿಸುವ ದಿನ ಬರುತ್ತದೆ.

ಇನ್ನು ಅಲ್ಲಲ್ಲಿ ಕರ್ರಗಾಗುವ ಪ್ರಶ್ನೆ. ಕಂದಾಗುವುದು ಬೇರೆ, ಕರಿಯಾಗುವುದು ಬೇರೆ. ಕೊಬ್ಬು ಕೆಂಡಕ್ಕೆ ಬಿದ್ದು ದಟ್ಟ ಹೊಗೆ ಎದ್ದಾಗ ಅದರಲ್ಲಿ ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ವಸ್ತುಗಳಿರುತ್ತವೆ, ಅತಿ ಕಾವಿನಲ್ಲಿ ಮಾಂಸ ಕರಕಾದಾಗ ಹೆಟರೋಸೈಕ್ಲಿಕ್ ಅಮೈನ್‌ಗಳು ಹುಟ್ಟುತ್ತವೆ. ಇವು ಜೀವಕೋಶದ ಡಿಎನ್‌ಎಗೆ ಹಾನಿ ಮಾಡಬಲ್ಲವು ಎಂಬುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಹಾಗೆಂದು ಅಪರೂಪಕ್ಕೊಮ್ಮೆ ತಿನ್ನುವವರು ಹೆದರಬೇಕಿಲ್ಲ. ಉರಿಯಿಲ್ಲದ ಕೆಂಡ, ಮೇಲಿಂದ ಮೇಲೆ ಮಗುಚುವುದು, ನಿಂಬೆ ಮೊಸರಿನಲ್ಲಿ ನೆನೆಸುವುದು ಇವೆಲ್ಲ ಆ ಅಂಶವನ್ನು ಕಡಿಮೆ ಮಾಡುತ್ತವೆ, ತಟ್ಟೆಗೆ ಬಂದ ಕರಕಲು ಅಂಚನ್ನು ಕತ್ತರಿಸಿ ಬದಿಗಿಟ್ಟರೆ ಮುಗಿಯಿತು. ಅದಕ್ಕಿಂತ ಹೆಚ್ಚು ಅನುಮಾನಿಸಬೇಕಾದದ್ದು ಕಣ್ಣು ಕುಕ್ಕುವ ಕೆಂಪನ್ನು. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕೋಳಿ, ಮೀನಿನ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಕೆಂಡ ಕೊಡುವ ಬಣ್ಣ ಕಂದು. ರಕ್ತಗೆಂಪು ಕಂಡರೆ ಅದು ಕಾಶ್ಮೀರಿ ಮೆಣಸಿನದೇ, ಡಬ್ಬಿಯ ಪುಡಿಯದೇ ಎಂದು ಕೇಳಿ.

ಮನೆಯಲ್ಲೇ ಮಾಡಿ ನೋಡುವ ಉತ್ಸಾಹ ಬಂದವರಿಗೆ ಒಂದು ಎಚ್ಚರಿಕೆ. ಇದ್ದಿಲಿನ ಒಲೆಯನ್ನು ಎಂದೂ ಕೋಣೆಯೊಳಗೆ, ಮುಚ್ಚಿದ ವರಾಂಡದಲ್ಲಿ, ಟೆಂಟಿನಲ್ಲಿ ಹಚ್ಚಬೇಡಿ. ಹೊಗೆ ಕಾಣದಿದ್ದರೂ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಅಂಗಳ ಅಥವಾ ತೆರೆದ ತಾರಸಿಯಲ್ಲಿ ಮಾಡಿ. ಕಡಲ ದಂಡೆಯಲ್ಲಿ ಮಾಡುವವರಿದ್ದರೆ, ಅಲ್ಲಿ ಬೆಂಕಿ ಹಚ್ಚಲು ಅಡ್ಡಿಯಿಲ್ಲವೇ ಎಂದು ಮೊದಲು ವಿಚಾರಿಸಿ, ಮುಗಿದ ಮೇಲೆ ಕೆಂಡಕ್ಕೆ ಮರಳು ಮುಚ್ಚದೆ ನೀರು ಸುರಿದು ಆರಿಸಿ. ಮರಳಿನಡಿಯ ಕೆಂಡ ತಾಸುಗಟ್ಟಲೆ ಬಿಸಿಯಾಗಿಯೇ ಇರುತ್ತದೆ, ಬರಿಗಾಲಲ್ಲಿ ಓಡುವ ಮಗುವಿಗೆ ಅದು ಕಾಣುವುದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆಗಳಿವೆ, ಅಲ್ಲಿ ಬೆಂಕಿಯ ಯೋಚನೆಯನ್ನೇ ಮಾಡಬೇಡಿ.

ಬರುವುದಾದರೆ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಬನ್ನಿ. ಮಳೆ ನಿಂತಿರುತ್ತದೆ, ದೋಣಿಗಳು ಕಡಲಿಗಿಳಿದಿರುತ್ತವೆ, ಸಂಜೆಯ ಗಾಳಿ ಹಿತವಾಗಿರುತ್ತದೆ. ರಂಜಾನ್ ತಿಂಗಳಲ್ಲಿ ಬಂದರೆ ಹಗಲು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ನೆನಪಿರಲಿ, ಸಂಜೆ ಉಪವಾಸ ಬಿಟ್ಟ ಮೇಲೆ ಪೇಟೆ ತುಂಬುತ್ತದೆ, ಎಲ್ಲ ಸಮುದಾಯದವರೂ ಅಲ್ಲಿರುತ್ತಾರೆ. ಮೊದಲ ದಿನ ಸಾದಾ ಅಲ್‌ಫಹಮ್, ಎರಡನೆಯ ದಿನ ಉಪ್ಪು ಮಾತ್ರ ಹಚ್ಚಿದ ಬಂಗಡೆ ತಿನ್ನಿ. ಬೂದಿ ಕೂರುವವರೆಗೆ ಕಾಯುವ ಅಂಗಡಿ ಒಳ್ಳೆಯ ಅಂಗಡಿ, ಉರಿಯುವ ಇದ್ದಿಲಿನ ಮೇಲೆ ಕೋಳಿ ಇಡುವ ಅಂಗಡಿಯಿಂದ ಎದ್ದು ಬನ್ನಿ. ಆಯ್ಕೆಗೆ ಇಷ್ಟು ಗೊತ್ತಿದ್ದರೆ ಸಾಕು.